ಕುರ್ಚಿ ಒಲ್ಲದ ಪಾಪಕ್ಕನ ಮಂಡಿ

ಫೆಬ್ರವರಿ 30, 2131
ಕಸಗುಡ್ಡದ ಕೂಲಿಕಾರರ ಸಂಘ, ಕೋಲಾರ ರಸ್ತೆ

ನಮಗಿಂತ ಮುಂಚೆ ಬದುಕಿದವರಿಗೆ,

ನಮ್ಮ ಸವೆದ ಮಂಡಿಗೆ ಲೋಹದ ಮಂಡಿ ಕೊಡ್ತೀವಿ ಅಂತ ದೊಡ್ಡಾಸ್ಪತ್ರೆಯವರು ಅಂದರು. ಕೊಟ್ಟರು. ಸೋಂಕು ತಗುಲಿದರೆ ಮತ್ತೆ ಆಪರೇಷನ್ ಅಂದರು. ಮಾಡಲಿಲ್ಲ. ಒಳಗೇ ಮದ್ದುಮಣಿ ಇಡ್ತೀವಿ ಅಂದರು. ಇಡಲಿಲ್ಲ. ಹೋದಾಗಲೆಲ್ಲ ಮಾತ್ರೆ ಕೊಟ್ಟು ಕಳಿಸಿದರು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದನ್ನು ಬದಲಿಸೋಕೆ ಸರ್ಕಾರಕ್ಕೆ ಒಂದು ವಾರ ಸಾಕಾಯಿತು. ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಎಸೆದ ಕಸದ ಗುಡ್ಡವನ್ನು ಬಗೆದು ತಾಮ್ರ, ಗಾಜು ಹೆಕ್ಕುವ ಹೆಂಗಸರು ನಾವು. ಇದಕ್ಕೆ ಗುಡ್ಡಗೈಮೆ ಅಂತೀವಿ. ಬೆಳಗಿಂದ ಸಂಜೆವರೆಗೂ ಕುಕ್ಕರಗಾಲಲ್ಲೇ ಕೂತಿರೋದು. ನಲವತ್ತು ದಾಟುವಷ್ಟರಲ್ಲಿ ಮಂಡಿ ಹೋಗಿರುತ್ತೆ. ಬಗೆದಲ್ಲೆಲ್ಲ ನಿಮ್ಮ ಆಂಟಿಬಯೋಟಿಕ್ ಮಾತ್ರೆಗಳ ಖಾಲಿ ಪಟ್ಟಿಗಳು ಸಿಗುತ್ತವೆ. ನೆಗಡಿಗೂ ನುಂಗಿದಿರಿ, ಕೋಳಿಗೂ ತಿನ್ನಿಸಿದಿರಿ. ಕ್ರಿಮಿಗಳು ಅದಕ್ಕೆ ಪಳಗಿ, ಸಾಯೋದನ್ನೇ ಬಿಟ್ಟವು.

ಪಾಪಕ್ಕ ನಮ್ಮ ಸಂಘ ಕಟ್ಟಿದವಳು. ಸಂಘದಲ್ಲಿ ಒಂದು ನೇಮ ಇತ್ತು: ಸಭೆಯಲ್ಲಿ ಎಲ್ಲರೂ ನೆಲದ ಮೇಲೇ. ಕುರ್ಚಿ ಮೇಸ್ತ್ರಿಗಳ ಸೊತ್ತು. ಮಂಡಿ ಹಾಕಿಸಿಕೊಂಡು ಬಂದ ಹೊಸದರಲ್ಲಿ, ಹೊಲಿಗೆ ಇನ್ನೂ ಹಸಿಯಾಗಿರುವಾಗಲೇ ಸಭೆಗೆ ಬಂದಳು. ನಾನು ಕುರ್ಚಿ ತಂದಿಟ್ಟೆ. "ಏನೇ ಆಂಜಿನಿ, ನನ್ನೂ ಮೇಸ್ತ್ರಿ ಮಾಡ್ತೀಯಾ? ಎತ್ತಿಡು ಅತ್ಲಾಗೆ" ಅಂದಳು. ಎಲ್ಲರೂ ನಕ್ಕೆವು. ಅವಳು ಹಲ್ಲು ಕಚ್ಚಿ ನೆಲಕ್ಕೆ ಕೂತಳು. ಏಳುವಾಗ ಸೀರೆಯ ಮೇಲೆ ರಕ್ತ.

ಬಿಚ್ಚಿದ ಹೊಲಿಗೆಯಿಂದ ಕ್ರಿಮಿ ಒಳಗೆ ಹೋಯಿತು. ಲೋಹಕ್ಕೆ ಅಂಟಿ, ಸುತ್ತಲೂ ಲೋಳೆಯ ಮನೆ ಕಟ್ಟಿಕೊಂಡು ಕೂತಿತು. ಇದನ್ನು ಅಂಟುಗೂಡು ಅಂತೀವಿ. ಹೊಟ್ಟೆಗೆ ನುಂಗಿದ ಮದ್ದು ರಕ್ತದಲ್ಲಿ ತೆಳುವಾಗಿ ಬರುತ್ತೆ, ಗೂಡಿನ ಒಳಕ್ಕೆ ಇಳಿಯೋದಿಲ್ಲ. ಮಂಡಿ ಬಿಚ್ಚಿ, ಕೆಟ್ಟದ್ದನ್ನು ಕೆರೆದು ತೊಳೆದು, ಮದ್ದು ಬೆರೆಸಿದ ಮಣಿಗಳನ್ನು ಅಲ್ಲೇ ತುಂಬಬೇಕು. ಅವು ಕರಗುತ್ತಾ, ಇಡೀ ಮೈ ತಾಳಲಾರದಷ್ಟು ಗಟ್ಟಿ ಮದ್ದನ್ನು ಆ ಜಾಗಕ್ಕೆ ಮಾತ್ರ ಉಣಿಸುತ್ತವೆ. ಪಳಗಿದ ಕ್ರಿಮಿಯೂ ಒಮ್ಮೊಮ್ಮೆ ಅದಕ್ಕೆ ಸಾಯುತ್ತೆ. ಮಣಿ ಇಟ್ಟವರೆಲ್ಲ ಉಳಿದರು ಅಂತ ಹೇಳಲಾರೆ. ಇಡದೇ ಪಾಪಕ್ಕ ಹೋದಳು, ಅಷ್ಟು ಗೊತ್ತು.

ಈ ಮಣಿ ನಿಮ್ಮ ಕಾಲದಲ್ಲೇ ಇತ್ತು. ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಈಗಲೂ ಇದೆ, ಅಧಿಕಾರಿಗಳ ಮಂಡಿಗೆ. ನಮಗೆ ಮಾತ್ರೆ. ಕೊನೆಗೆ ಪಾಪಕ್ಕನ ಕಾಲನ್ನು ತೊಡೆಯವರೆಗೂ ಕತ್ತರಿಸಿದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಜ್ವರದಲ್ಲೂ ಅವಳದು ಒಂದೇ ಮಾತು: "ಕುರ್ಚಿ ಮೇಲೆ ಕೂತಿದ್ರೆ ನಿಮಗೆ ಬೇಜಾರಾಗ್ತಿತ್ತೇನ್ರೇ?"

ಆಗುತ್ತಿರಲಿಲ್ಲ ಅಕ್ಕ.

ನಿಮ್ಮನ್ನು ಬೇಡುವುದು ಇಷ್ಟೇ. ನೆಗಡಿಗೆ ಆ ಮಾತ್ರೆ ನುಂಗಬೇಡಿ, ನಮಗೂ ಸ್ವಲ್ಪ ಮದ್ದು ಉಳಿಸಿ. ಬಡವರ ಮಂಡಿಗೆ ಲೋಹ ಇಟ್ಟು ಫೋಟೋ ಹಿಡಿಸಿಕೊಳ್ಳುವವರನ್ನು, ಕೀವು ಬಂದ ದಿನ ಏನು ಮಾಡ್ತೀರಿ ಅಂತ ಆವತ್ತೇ ಕೇಳಿ.

ನಾವು ನೇಮ ಬದಲಿಸಿದ್ದೇವೆ. ಲೋಹದ ಮಂಡಿಯವರು ಇನ್ನು ಮೇಲೆ ಕುರ್ಚಿಯಲ್ಲೇ ಕೂರಬೇಕು. ಸಭೆ ಮುಗಿದ ಮೇಲೆ ಅದೇ ಕುರ್ಚಿಗಳನ್ನು ಹೊತ್ತು ದೊಡ್ಡಾಸ್ಪತ್ರೆಗೆ ಹೋಗಿ, ಮಣಿ ಕೊಡುವವರೆಗೂ ಬಾಗಿಲಲ್ಲೇ ಕೂರುತ್ತೇವೆ. ಸೇರುವುದು ಗುಡ್ಡದ ಬುಡದಲ್ಲಿ, ಬರುವ ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ.