ಒಂದು ವಿಮಾನ, ಎರಡು ಹೆಬ್ಬೆರಳು

ಮಾನ್ಯ ಮೈದಾನಗಳ ಅಧಿಕಾರಿಗಳೇ,

ತಾವು ಕೃಪೆಯಿಟ್ಟು ನನ್ನ ಹೆಸರಿಗೆ ಮಂಜೂರು ಮಾಡಿದ ಮಾದರಿ ವಿಮಾನ ಹಾರಾಟದ ಅನುಮತಿ ಪತ್ರವನ್ನು ಈ ಕಾಗದದ ಜೊತೆ ಹಿಂದಿರುಗಿಸುತ್ತಿದ್ದೇನೆ. ಅದರಲ್ಲಿ ಅಕ್ಷರದ ತಪ್ಪಿಲ್ಲ, ಮೊಹರು ಸೊಟ್ಟಗೆ ಬಿದ್ದಿಲ್ಲ, ಭಾವಚಿತ್ರದಲ್ಲಿ ನಾನು ನನ್ನಂತೆಯೇ ಕಾಣುತ್ತೇನೆ. ಇರುವ ತಪ್ಪು ಒಂದೇ. ಆ ವಿಮಾನವನ್ನು ಹಾರಿಸುವವರು ಇಬ್ಬರು, ತಾವು ಅನುಮತಿ ಕೊಟ್ಟಿರುವುದು ಒಬ್ಬರಿಗೆ. ನಾನು ದರ್ಜಿ, ನನ್ನ ಕಸುಬಿನ ಮಾತಲ್ಲಿ ಹೇಳುವುದಾದರೆ, ತಾವು ಅಂಗಿಯ ಬಲತೋಳನ್ನು ಮಾತ್ರ ಮಂಜೂರು ಮಾಡಿದ್ದೀರಿ.

ಇದನ್ನು ಕಚೇರಿಗೇ ಬಂದು ಹೇಳಬಹುದಿತ್ತಲ್ಲ, ಪತ್ರಿಕೆಗೆ ಬರೆದು ಊರಿಗೆಲ್ಲ ಸಾರಬೇಕಿತ್ತೇ ಎಂದು ತಾವು ಕೇಳಬಹುದು. ಬಂದೆ, ಹೇಳಿದೆ. ಮೂರು ಸಲ ಹೇಳಿದೆ. ಕಿಟಕಿಯ ಆಚೆ ಕೂತ ತಮ್ಮ ಗುಮಾಸ್ತರು ಮೂರು ಸಲವೂ ಸಾವಧಾನವಾಗಿ ಕೇಳಿ, ಮೂರು ಸಲವೂ ಅದೇ ಅರ್ಜಿಯನ್ನು ನನ್ನ ಕಡೆ ತಳ್ಳಿದರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಅರ್ಜಿಯಲ್ಲಿ ಇರುವಷ್ಟನ್ನೇ ನೋಡಬಲ್ಲರು. ಹಾಗಾಗಿ ಅರ್ಜಿಯಲ್ಲಿ ಕೇಳದ ಕೆಲವು ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ನಾನು ಇಪ್ಪತ್ತಾರು ವರ್ಷದಿಂದ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿರುವವಳು. ನನ್ನ ಅಣ್ಣ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ನಮ್ಮ ಬೀದಿಯವರು ಇವತ್ತಿಗೂ ಡ್ರೈವರಣ್ಣ ಎಂದೇ ಕರೆಯುತ್ತಾರೆ. ದಿನವಿಡೀ ನೆಲದ ಮೇಲೆ ಓಡಿಸಿ ಬಂದವನಿಗೆ ಸಂಜೆ ಆಕಾಶದಲ್ಲಿ ಓಡಿಸುವ ಚಪಲ. ಊಟದ ಮೇಜಿನ ಮೇಲೆ ಹಗುರ ಮರದ ಪಟ್ಟಿಗಳನ್ನು ಕೊಯ್ದು, ಉಜ್ಜಿ, ಅಂಟಿಸಿ, ಒಂದೊಂದು ರೆಕ್ಕೆಗೂ ತಿಂಗಳುಗಟ್ಟಲೆ ಕೂರುತ್ತಿದ್ದ. "ಈ ಮನೇಲಿ ಊಟ ಆದ್ಮೇಲೆ ತಟ್ಟೆ ಎತ್ತೋಕಾಗಲ್ಲ, ಮೇಜಿಗೆ ಅಂಟ್ಕೊಂಡಿರುತ್ತೆ" ಎಂದು ಅತ್ತಿಗೆ ಗೊಣಗುತ್ತಿದ್ದರು. ರೆಕ್ಕೆಗೆ ಹೊದಿಸುವ ತೆಳು ಹಾಳೆಯನ್ನು ಬಿಸಿ ಮಾಡಿ ಬಿಗಿಗೊಳಿಸಬೇಕು. ಅದಕ್ಕೆ ನನ್ನ ಇಸ್ತ್ರಿಪೆಟ್ಟಿಗೆ ಬೇಕಾಯಿತು, ಪೆಟ್ಟಿಗೆಯ ಹಿಂದೆ ನಾನೂ ಹೋದೆ. ಬೆನ್ನಿಗೆ ಹಳದಿ, ಹೊಟ್ಟೆಗೆ ಕಪ್ಪು ಪಟ್ಟೆ: ಮೇಲೆ ಹೋದ ಮೇಲೆ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ಗೊತ್ತಾಗದಿದ್ದರೆ ಕಥೆ ಮುಗಿದಂತೆ. ಮೂಲೆಗಳಲ್ಲೂ ಒಂದು ಸುಕ್ಕು ಬೀಳದಂತೆ ಹೊದಿಸಿದ್ದೇನೆ, ಅದರ ಜಂಭ ನನಗೆ ಇವತ್ತಿಗೂ ಇದೆ.

ಕಟ್ಟುವುದರಲ್ಲಿ ಅಣ್ಣ ನಿಸ್ಸೀಮ. ಹಾರಿಸುವುದರಲ್ಲಿ ಮಾತ್ರ ಅವನಿಗೊಂದು ದೋಷವಿತ್ತು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ಅದು ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ. ನಾಲ್ಕು ಸಲ ಬೀಳಿಸಿ ಐದನೆಯ ಸಲಕ್ಕೆ ಕಲಿಯುತ್ತಾರೆ. ಮೂವತ್ತೊಂದು ವರ್ಷ ಗಾಡಿಯ ಒಳಗೆ ಕೂತೇ ಓಡಿಸಿದ ನನ್ನ ಅಣ್ಣ ಕಲಿಯಲೇ ಇಲ್ಲ. ವಿಮಾನ ಎದುರಿಗೆ ಬರುತ್ತಿದ್ದ ಹಾಗೆ ತಾನು ಅದಕ್ಕೆ ಬೆನ್ನು ಹಾಕಿ ನಿಂತು, ಬಸ್ಸು ಹಿಂದಕ್ಕೆ ತೆಗೆಯುವವನ ಹಾಗೆ ಹೆಗಲ ಮೇಲಿಂದ ನೋಡುತ್ತಾ ಓಡಿಸುತ್ತಿದ್ದ. ಮೈದಾನದಲ್ಲಿ ನಡೆದಾಡುವವರು ನಿಂತು ನಗುತ್ತಿದ್ದರು. "ನಗ್ಲಿ ಬಿಡು. ಹಿಂದೆ ನೋಡ್ಕೊಂಡು ಓಡ್ಸೋನು ಯಾರಿಗೂ ಗುದ್ದಲ್ಲ" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಅವನು ಯಾರಿಗೂ ಗುದ್ದಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಗಡ್ಡ ಹೆರೆದುಕೊಳ್ಳುತ್ತಾ ನಿಂತಿದ್ದವನ ಕೈಯಿಂದ ರೇಜರು ಜಾರಿ ಬಿತ್ತು. ಪಾರ್ಶ್ವವಾಯು. ಬಲಗಾಲು ಎಳೆದುಕೊಂಡಾದರೂ ಆರು ತಿಂಗಳಿಗೆ ಬಂತು, ಬಲಗೈ ಬರಲಿಲ್ಲ. ಹಿಸುಕಲೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಅವನು ಬೀರುವಿನ ಹಿಂದಕ್ಕೆ ಉರುಳಿಸಿಬಿಟ್ಟ. ವಿಮಾನ ಬೀರುವಿನ ಮೇಲೆ ಸೇರಿತು, ಅತ್ತಿಗೆ ಅದಕ್ಕೊಂದು ಹಳೆಯ ಹೊದಿಕೆ ಹೊದಿಸಿದರು. ಅಣ್ಣ ಮಾತು ಕಡಿಮೆ ಮಾಡಿದ. ಕರೆದರೆ ಹೂಂ, ಕೇಳಿದರೆ ಊಹೂಂ. ನನಗೆ ಹೆದರಿಕೆಯಾಯಿತು, ಹೆದರಿಕೆ ಎಂದೇ ಬರೆಯುತ್ತೇನೆ, ಅದಕ್ಕೆ ಬೇರೆ ಪದವಿಲ್ಲ.

ಒಂದು ಭಾನುವಾರ ಸ್ಟೂಲು ಹತ್ತಿ ವಿಮಾನ ಇಳಿಸಿ ಅವನ ಮುಂದಿಟ್ಟೆ. "ಎಡಗೈ ನಿಂದು, ಬಲಗೈ ನಂದು. ಏಳು, ನಡಿ" ಎಂದೆ. "ನಿಂಗೇನು ಹುಚ್ಚಾ?" ಎಂದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಬೈದದ್ದು. ಅಂತೂ ಬೈದನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ತಮಗೆ ಈ ಯಂತ್ರದ ಪರಿಚಯ ಇಲ್ಲದಿರಬಹುದು. ವಿಮಾನವನ್ನು ನಡೆಸುವ ರೇಡಿಯೋ ಪೆಟ್ಟಿಗೆಯ ಮೇಲೆ ಎರಡು ಗಿಡ್ಡ ಕಡ್ಡಿಗಳಿರುತ್ತವೆ, ಒಂದೊಂದು ಹೆಬ್ಬೆರಳಿಗೆ ಒಂದು. ಎಡಗಡೆಯದು ಮೋಟಾರಿನ ವೇಗ ಮತ್ತು ಬಾಲ ನೋಡಿಕೊಳ್ಳುತ್ತದೆ. ಬಲಗಡೆಯದು ಮೂತಿ ಎತ್ತುತ್ತದೆ, ಇಳಿಸುತ್ತದೆ, ರೆಕ್ಕೆ ವಾಲಿಸುತ್ತದೆ. ಪೆಟ್ಟಿಗೆಯ ಪಟ್ಟಿ ಅಣ್ಣನ ಕೊರಳಿಗೆ. ನಾನು ಅವನ ಬಲಕ್ಕೆ ಒತ್ತಿಕೊಂಡು ನಿಂತು ಬಲಗಡೆಯ ಕಡ್ಡಿ ಹಿಡಿಯುತ್ತೇನೆ. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೊದಲನೆಯ ದಿನ ಬೇಲಿಗೆ ಹೋಗಿ ಬಿತ್ತು, ಎರಡನೆಯ ದಿನವೂ ಅದೇ ಬೇಲಿಗೆ. "ಹೊಲಿಗೆ ಮಿಷಿನ್ ತುಳೀತಿದ್ದೀಯೇನೇ? ಮೆತ್ತಗೆ, ಮೆತ್ತಗೆ!" ಎಂದು ಅವನು. "ನೀನು ಸಿಗ್ನಲ್ ಬಿಟ್ಟ ಹಾಗೆ ನುಗ್ಗಿಸಿದ್ರೆ ನಾನೇನ್ ಮಾಡ್ಲಿ?" ಎಂದು ನಾನು. ಇನ್ನು ವಿಮಾನ ಎದುರಿಗೆ ಬಂದಾಗ ಅವನು ಹಳೆಯ ಚಾಳಿಯಂತೆ ತಿರುಗಿ ನಿಲ್ಲುತ್ತಾನೆ. ಪೆಟ್ಟಿಗೆ ಅವನ ಕೊರಳಲ್ಲಿ, ಹಾಗಾಗಿ ನಾನೂ ತಿರುಗಬೇಕು. ಅರವತ್ತು ದಾಟಿದವನೂ ಐವತ್ತು ದಾಟಿದವಳೂ ಹೆಗಲಿಗೆ ಹೆಗಲು ಅಂಟಿಸಿಕೊಂಡು ಮೈದಾನದ ನಡುವೆ ಗಿರ್ರನೆ ತಿರುಗುವುದನ್ನು ನೋಡಲು ಜನ ಬರುತ್ತಿದ್ದರು.

ಆದರೆ ಕಲಿತೆವು. ಎರಡು ವರ್ಷ ಒಂದು ಭಾನುವಾರವೂ ತಪ್ಪಿಸದೆ ಹಾರಿಸಿದೆವು. ಇಳಿಸುವಾಗ, ನೆಲ ಇನ್ನು ಒಂದಾಳೆತ್ತರ ಇದೆ ಎನ್ನುವಾಗ, ಅಣ್ಣ "ಹೋಲ್ಡಾನ್" ಎನ್ನುತ್ತಾನೆ. ಆಗ ನಾನು ಮೂತಿಯನ್ನು ಒಂಚೂರು ಎತ್ತಬೇಕು, ಅವನು ಮೋಟಾರು ನಿಲ್ಲಿಸುತ್ತಾನೆ. "ಮೂವತ್ತೊಂದು ವರ್ಷ ಕಂಡಕ್ಟರ್ ಬಾಯಲ್ಲಿ ಕೇಳಿದ್ದೀನಿ, ಈಗ ನಾನು ಹೇಳ್ತೀನಿ" ಎಂದು ಅವನಿಗೆ ಖುಷಿ. ಅಣ್ಣ ಮತ್ತೆ ಮಾತಾಡತೊಡಗಿದ. ಊಟಕ್ಕೆ ಉಪ್ಪು ಕಡಿಮೆ ಎಂದು ಜಗಳ ತೆಗೆದ ದಿನ ಅತ್ತಿಗೆ ನನಗೆ ಫೋನು ಮಾಡಿ ಸಂತೋಷದಿಂದ ಅತ್ತರು.

ಹೀಗಿರುವಾಗ ತಮ್ಮ ನಾಮಫಲಕ ಬಂತು. ಅನುಮತಿಯಿಲ್ಲದೆ ಏನನ್ನೂ ಹಾರಿಸತಕ್ಕದ್ದಲ್ಲ. ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ಯಾರದೋ ಹಾರುವ ಯಂತ್ರ ಹಿರಿಯರೊಬ್ಬರ ಟೋಪಿಯನ್ನು ಎಗರಿಸಿಕೊಂಡು ಹೋದದ್ದು ನನಗೂ ಗೊತ್ತು, ಆ ಟೋಪಿಯ ಹರಿದ ಅಂಚು ಹೊಲಿದುಕೊಟ್ಟವಳು ನಾನೇ. ಅರ್ಜಿ ತಂದೆ. ಚಾಲಕರ ಹೆಸರು ಎಂಬಲ್ಲಿ ಒಂದೇ ಒಂದು ಚೌಕ. ಇಬ್ಬರ ಹೆಸರನ್ನೂ ಸಣ್ಣಕ್ಷರದಲ್ಲಿ ತುರುಕಿ ಕೊಟ್ಟೆ.

"ಅಮ್ಮಾ, ಒಂದು ವಿಮಾನಕ್ಕೆ ಒಬ್ರೇ ಚಾಲಕರು" ಎಂದರು ಗುಮಾಸ್ತರು.

"ದೊಡ್ಡ ವಿಮಾನದಲ್ಲೂ ಇಬ್ರು ಇರ್ತಾರಲ್ಲ ಸಾರ್?"

"ಅದು ನಮ್ಮ ಇಲಾಖೆಗೆ ಬರಲ್ಲ."

ಸರಿ ಎಂದು ಎರಡನೆಯ ಅರ್ಜಿಯನ್ನು ಅಣ್ಣನ ಹೆಸರಲ್ಲಿ ಹಾಕಿದೆ. ಕಟ್ಟಿದವನು ಅವನು, ಹಿರಿಯನೂ ಅವನೇ. ಎರಡೂ ಕೈಗಳು ಪೂರ್ಣ ಸ್ವಾಧೀನದಲ್ಲಿವೆ ಎಂಬ ವೈದ್ಯರ ಪ್ರಮಾಣಪತ್ರ ಬೇಕೆಂದು ಅದು ವಾಪಸು ಬಂತು. ಮಾನ್ಯರೇ, ನಮ್ಮಿಬ್ಬರದು ಸೇರಿ ನಾಲ್ಕು ಕೈ, ಅದರಲ್ಲಿ ಮೂರು ಪೂರ್ಣ ಸ್ವಾಧೀನದಲ್ಲಿವೆ. ತಮ್ಮ ನಿಯಮ ಕೇಳುವುದಕ್ಕಿಂತ ಒಂದು ಹೆಚ್ಚೇ ಆಯಿತಲ್ಲವೇ? ಇಡೀ ವಿಮಾನ ಹಾರುವುದು ಎರಡು ಹೆಬ್ಬೆರಳಿನಿಂದ; ಅವೆರಡೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವು. ಒಂದೇ ಮೈಗೆ ಅಂಟಿಕೊಂಡಿರಲೇಬೇಕು ಎಂಬ ಹಟ ಯಾಕೆ?

ಮೂರನೆಯ ಅರ್ಜಿ ನನ್ನೊಬ್ಬಳ ಹೆಸರಲ್ಲಿ. ನಾಲ್ಕೇ ದಿನದಲ್ಲಿ ಮಂಜೂರಾಯಿತು! ಷರತ್ತು ಏಳು: ಹಾರಾಟದ ವೇಳೆ ಚಾಲಕರ ಹತ್ತು ಮೀಟರಿನೊಳಗೆ ಬೇರೆ ಯಾರೂ ಇರತಕ್ಕದ್ದಲ್ಲ. ಅಣ್ಣನಿಗೆ ಓದಿ ಹೇಳಿದೆ. ಹನ್ನೊಂದು ವಾರದಿಂದ ಮೈದಾನ ಮುಟ್ಟದವನು, "ಸಿಕ್ತಲ್ಲ, ಅಷ್ಟು ಸಾಕು. ನಾನು ಕೂತು ನೋಡ್ತೀನಿ. ನನ್ನ ಬಸ್ಸಲ್ಲಿ ಜನಕ್ಕೆ ಸೀಟೇ ಸಿಕ್ತಿರಲಿಲ್ಲ, ನಂಗೆ ಕುರ್ಚಿ ಸಿಕ್ತಿದೆ" ಎಂದ. ನಕ್ಕ ಕೂಡ. ಆ ನಗು ನನಗೆ ನುಂಗಲಾರದ ತುತ್ತಾಯಿತು.

ಹೋದ ಭಾನುವಾರ ಹೋದೆವು. ಮೈದಾನದ ಕಾವಲುಗಾರರು ನನ್ನ ಹೊಲಿಗೆ ಟೇಪನ್ನೇ ಇಸಿದುಕೊಂಡು, ಬಗ್ಗಿ ಬಗ್ಗಿ ಹತ್ತು ಮೀಟರ್ ಅಳೆದು, ಇಟ್ಟಿಗೆಯ ಚೂರಿನಿಂದ ಗೆರೆ ಎಳೆದರು. ಅಣ್ಣ ಮಡಚುವ ಕುರ್ಚಿಯನ್ನು ಗೆರೆಯಾಚೆ ತಾನೇ ಬಿಡಿಸಿಕೊಂಡು ಕೂತ, ಊರುಗೋಲು ಪಕ್ಕದಲ್ಲಿಟ್ಟುಕೊಂಡ. ಪಟ್ಟಿ ನನ್ನ ಕೊರಳಿಗೆ ಬಂತು. ಎಡಗಡೆಯ ಕಡ್ಡಿಯನ್ನು ನಾನು ಮುಟ್ಟಿದ್ದು ಅದೇ ಮೊದಲು.

ಏರಿಸುವುದೇನು ದೊಡ್ಡ ವಿದ್ಯೆಯಲ್ಲ, ಕಡ್ಡಿ ಮುಂದಕ್ಕೆ ತಳ್ಳಿದರೆ ಏರುತ್ತದೆ. ಇಳಿಸುವುದು ನನ್ನಿಂದಾಗಲಿಲ್ಲ. ಒಮ್ಮೆ ವೇಗ ಹೆಚ್ಚಾಗಿ ಮೈದಾನ ದಾಟಿ ಹೋಯಿತು. ಇನ್ನೊಮ್ಮೆ ವೇಗ ಸತ್ತು ಬೀಳುವುದರಲ್ಲಿತ್ತು, ಗಾಬರಿಯಲ್ಲಿ ಮತ್ತೆ ಏರಿಸಿದೆ. ಅಣ್ಣ ಕುರ್ಚಿಯಿಂದಲೇ ಕೂಗುತ್ತಿದ್ದ. ಆದರೆ ಅವನ ಹೆಬ್ಬೆರಳಿಗೆ ಗೊತ್ತಿರುವುದು ಅವನ ನಾಲಿಗೆಗೆ ಗೊತ್ತಿಲ್ಲ. ಕೂಗು ನನ್ನ ಕಿವಿಗೆ ಬಿದ್ದು ಕೈಗೆ ಇಳಿಯುವಷ್ಟರಲ್ಲಿ ವಿಮಾನ ಇನ್ನೆಲ್ಲೋ ಇರುತ್ತಿತ್ತು. ಬ್ಯಾಟರಿ ಮುಗಿಯುತ್ತಿದೆ ಎಂದು ಪೆಟ್ಟಿಗೆ ಕಿರುಗುಟ್ಟತೊಡಗಿತು. ಬೇಲಿಯಾಚೆ ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ತಮ್ಮ ಅನುಮತಿ ಪತ್ರ ನನ್ನ ಚೀಲದಲ್ಲೇ ಇತ್ತು, ಅದರಿಂದ ಆ ಹೊತ್ತಿಗೆ ಯಾವ ಉಪಕಾರವೂ ಆಗಲಿಲ್ಲ.

ಇಲ್ಲಿಂದ ಮುಂದಿನದು ತಪ್ಪೊಪ್ಪಿಗೆ. ಕಾವಲುಗಾರರನ್ನು ಇದಕ್ಕೆ ಎಳೆಯಬೇಡಿ. ಅಷ್ಟು ಹೊತ್ತಿಗೆ ಸರಿಯಾಗಿ ಅವರ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಅವರು ನಮಗೆ ಬೆನ್ನು ಹಾಕಿ ಬಗ್ಗಿ ಕೂತಿದ್ದರು. ಅವರು ಅಂದು ಬೂಟು ಹಾಕಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. "ಹೋಗಿ ಯಜಮಾನ್ರೇ, ನಾನೇನೂ ನೋಡ್ಲಿಲ್ಲ" ಎಂಬ ದನಿ ಕೇಳಿಸಿತು, ಯಾರದೆಂದು ನಾನು ಹೇಳಲಾರೆ.

ಅಣ್ಣ ಎದ್ದು ಬಂದ. ಊರುಗೋಲು ಕುರ್ಚಿಯ ಪಕ್ಕದಲ್ಲೇ ಉಳಿಯಿತು. ಹತ್ತು ಮೀಟರ್ ಎಷ್ಟು ಉದ್ದವೆಂದು ಬಲಗಾಲು ಎಳೆಯುತ್ತಾ ಬರುವವನನ್ನು ನೋಡಿದರೆ ತಿಳಿಯುತ್ತದೆ, ಅಧಿಕಾರಿಗಳೇ. ಟೇಪಿನಲ್ಲಿ ಅಳೆದರೆ ತಿಳಿಯುವುದಿಲ್ಲ. ಬಂದವನೇ ಹೆಗಲಿನಿಂದ ನನ್ನನ್ನು ಬಲಕ್ಕೆ ತಳ್ಳಿದ. ಪಟ್ಟಿ ನನ್ನ ಕೊರಳಲ್ಲೇ ಇದ್ದುದರಿಂದ ಕತ್ತು ಕೊಂಕಿತು. "ಸರ್ಕೋ. ಉಸಿರು ಬಿಡು" ಎಂದ. ಅವನ ಹೆಬ್ಬೆರಳು ಎಡಗಡೆಯ ಕಡ್ಡಿಯ ಮೇಲೆ ಕೂತ ಕೂಡಲೇ ಮೋಟಾರಿನ ಸದ್ದು ಬದಲಾಯಿತು. ಅದು ನಮ್ಮ ಕಡೆಗೇ ಬರುತ್ತಿತ್ತು, ಇಬ್ಬರೂ ಬೆನ್ನು ಹಾಕಿ ತಿರುಗಿದೆವು. "ಹೋಲ್ಡಾನ್." ಎತ್ತಿದೆ. ಚಕ್ರಗಳು ಹುಲ್ಲು ಸವರಿ ನಿಂತವು. ನಾನು ಅಲ್ಲೇ ಕುಕ್ಕರುಬಡಿದು ಅತ್ತೆ. ಅಣ್ಣ ನನ್ನ ತಲೆಯ ಮೇಲೆ ಎಡಗೈ ಇಟ್ಟು, "ನೋಡೋಕೆ ಚೆನ್ನಾಗೇನೋ ಇತ್ತು ಕಣೇ. ಆದ್ರೆ ಕುರ್ಚೀಲಿ ಕೂತು ನೋಡೋದು ನನ್ ಕೈಲಾಗಲ್ಲ" ಎಂದ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅರ್ಜಿಯಲ್ಲಿರುವ ಆ ಚೌಕವನ್ನು ಎರಡು ಬೆರಳು ಅಗಲ ಮಾಡಿಸಿ, ಇಬ್ಬರ ಹೆಸರು ಹಿಡಿಸುವಷ್ಟು. ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ ನಾನೇ ಅಗಲ ಮಾಡಿಕೊಡುತ್ತಿದ್ದೆ. ಅದಕ್ಕೆ ಮೇಲಿನವರ ಒಪ್ಪಿಗೆ, ಸಭೆ, ಮರುಮುದ್ರಣ ಎಲ್ಲ ಬೇಕೆಂದರೆ ಇನ್ನೊಂದು ದಾರಿ ಇದೆ. ನಿಯಮ ಮುರಿದವರಿಗೆ ತಾವು ಕಳಿಸುವ ನೋಟಿಸಿನ ನಮೂನೆಯನ್ನು ಗುಮಾಸ್ತರ ಮೇಜಿನ ಮೇಲೆ ತಲೆಕೆಳಗಾಗಿ ಓದಿದ್ದೇನೆ. ಅದರಲ್ಲಿ ತಪ್ಪಿತಸ್ಥರ ಹೆಸರಿಗೆಂದು ಐದು ಸಾಲು ಬಿಟ್ಟಿದ್ದೀರಿ. ಹಾರಿಸಲು ಒಬ್ಬರಿಗೆ ಜಾಗ, ತಪ್ಪು ಮಾಡಲು ಐವರಿಗೆ! ನಮಗೆ ಐದು ಬೇಡ, ಎರಡು ಸಾಲು ಸಾಕು. ಷರತ್ತು ಏಳನ್ನು ಮುರಿದದ್ದಕ್ಕೆ ನಮ್ಮ ಮೇಲೆ ನೋಟಿಸು ಹೊರಡಿಸಿ. ಮೊದಲನೆಯ ಸಾಲಿನಲ್ಲಿ ಅಣ್ಣನ ಹೆಸರು ಬರೆಯಿಸಿ, ಎರಡನೆಯದರಲ್ಲಿ ನನ್ನದು. ಮೇಲ್ಕಂಡ ವ್ಯಕ್ತಿಗಳು ಇಂಥ ದಿನ ಇಂಥ ಮೈದಾನದಲ್ಲಿ ಸೇರಿ ವಿಮಾನ ಹಾರಿಸಿದ್ದಾರೆ ಎಂದು ಸ್ಪಷ್ಟವಾಗಿ ಬರೆಯಿಸಿ, ಮೊಹರು ಒತ್ತಿಸಿ, ಮನೆಗೆ ಕಳಿಸಿ. ನನ್ನ ಅಣ್ಣ ವಿಮಾನ ಹಾರಿಸಿದ ಎಂದು ಒಪ್ಪಿಕೊಳ್ಳುವ ಒಂದು ಕಾಗದ ತಮ್ಮ ಕಚೇರಿಯಿಂದ ಬರಲಿ. ಯಾವ ಶಿಕ್ಷೆ ಕೊಟ್ಟರೂ ತಕರಾರಿಲ್ಲ. ಶಿಕ್ಷೆಯನ್ನು ಮಾತ್ರ ಇಬ್ಬರಿಗೂ ಒಟ್ಟಿಗೆ ಕೊಡಿ.

ಇಂತಿ,
ತಮ್ಮ ಕಡತದಲ್ಲಿ ಒಬ್ಬಂಟಿ ಚಾಲಕಿ,
ಮೈದಾನದಲ್ಲಿ ಬರೀ ಬಲಗೈ ಆಗಿರುವ
ಒಬ್ಬ ದರ್ಜಿ

(ಪಕ್ಕದ ಸೊಟ್ಟ ರುಜು ಅಣ್ಣನದು. ಎಡಗೈಯಲ್ಲಿ ಬರೆಯಲು ಈಗಷ್ಟೇ ಕಲಿಯುತ್ತಿದ್ದಾನೆ, ದಯವಿಟ್ಟು ತಿರಸ್ಕರಿಸಬೇಡಿ.)