ಒಂಬತ್ತು ಗಂಡಸರ ಸಿನಗಾಗ್

ಮಾರ್ಚ್ 3, ಮಂಗಳವಾರ

ನಮ್ಮ ಪ್ರಾರ್ಥನಾ ಮಂದಿರದ, ಈ ಸಿನಗಾಗಿನ, ದೀಪದ ಗಾಜು ಒರೆಸಿದ್ದಾಯಿತು. ಮೇಲಂತಸ್ತಿನ ಹೆಂಗಸರ ಬೆಂಚಿಗೆ ಮತ್ತೆ ಗೆದ್ದಲು. ಮುಂದಿನ ಮಂಗಳವಾರ ನನ್ನ ಗಂಡ ಲೀಬ್ ಸತ್ತ ದಿನ. ಅವನ ಹೆಸರಲ್ಲಿ ಕದ್ದಿಶ್ ಪ್ರಾರ್ಥನೆ ಆಗಬೇಕಾದರೆ ಹತ್ತು ಗಂಡಸರು ಬೇಕು. ಊರಲ್ಲಿ ನಮ್ಮ ಯಹೂದಿ ಗಂಡಸರು ಉಳಿದಿರುವುದು ಒಂಬತ್ತು.

ಮಧ್ಯಾಹ್ನ ಒಬ್ಬ ಬಂದ. ನೀಲ್ ಫೂರಿ. ಜೋಹಾನ್ಸ್‌ಬರ್ಗಿನ ಆರ್ಕಿಟೆಕ್ಟ್ ಅಂತೆ. ಟೇಪು ಹಿಡಿದ, ಗೋಡೆ ತಟ್ಟಿದ.

"ಪ್ರಾರ್ಥನೆಗೆ ತಿರುಗ್ಬೇಕಾದ ಜೆರುಸಲೇಮ್ ಇಲ್ಲಿಂದ ಉತ್ತರಕ್ಕಲ್ವಾ? ತೋರಾ ಗ್ರಂಥದ ಕಪಾಟು ಯಾಕೆ ಪೂರ್ವದ ಗೋಡೇಲಿದೆ?"

"ನಮ್ಮಜ್ಜ ಇಟ್ಟಿದ್ದು. ಲಿಥುವೇನಿಯಾದಲ್ಲಿ ಪೂರ್ವಕ್ಕೇ ತಿರುಗ್ತಿದ್ರು. ಹಡಗಿಳಿದ್ಮೇಲೂ ಅಭ್ಯಾಸ ಬಿಡ್ಲಿಲ್ಲ. ನಿಮಗೇನು ತೊಂದ್ರೆ?"

ನಕ್ಕ. ಫೂರಿ ಅನ್ನುವುದು ನಮ್ಮವರ ಹೆಸರಲ್ಲ. ಕಟ್ಟಡವನ್ನು ಯಾರಿಗೋ ಮಾರಿಸಲು ಅಳೆಯುತ್ತಿದ್ದಾನೆ, ಖಂಡಿತ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಾರ್ಚ್ 8, ಭಾನುವಾರ

ಸಬ್ಬತ್ತಿನಲ್ಲಿ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ, ಬರೆಯುವಂತಿಲ್ಲ. ಒಳಗೇ ಕುದ್ದುಕೊಂಡು ಕೂತಿದ್ದೆ.

ಶುಕ್ರವಾರ ಸಂಜೆ ಪ್ರಾರ್ಥನೆಗೆ ಅವನೂ ಟೋಪಿ ಹಾಕಿಕೊಂಡು ಬಂದ. ತಾನೂ ಯಹೂದಿ ಅಂತೆ. ನಮ್ಮ ಹಿರಿಯ ಯೂಡೆಲ್‌ಗೆ ಖುಷಿಯೋ ಖುಷಿ. ಅಷ್ಟರಲ್ಲಿ ಆಸಾಮಿ ಬೆರಳು ತೋರಿಸಿ ಜನರನ್ನು ಎಣಿಸಿದ — ಒಂದು, ಎರಡು, ಮೂರು... ನಮ್ಮಲ್ಲಿ ತಲೆ ಎಣಿಸುವುದು ನಿಷಿದ್ಧ. ಮನುಷ್ಯರನ್ನು ಕುರಿಗಳ ಹಾಗೆ ಎಣಿಸುವುದೇ? ನಮ್ಮಲ್ಲಿ ಹತ್ತು ಪದಗಳ ಸಾಲೊಂದಿದೆ, ತಲೆಗೊಂದು ಪದ ಹೇಳುತ್ತ ಹೋಗುತ್ತೇವೆ. ಹಾಲು ಕುಡಿಯುವ ಮಗುವಿಗೂ ಗೊತ್ತು.

ತಾಯಿ ಯಹೂದಿಯಾದರೆ ಮಾತ್ರ ಮಗ ಯಹೂದಿ. ಹೆಂಗಸರ ಮೇಲಂತಸ್ತಿನಿಂದಲೇ ಕೇಳಿದೆ, "ನಿಮ್ಮ ತಾಯಿ ಹೆಸರೇನು?"

"ಅದನ್ನ ನಿಮ್ಮ ಹತ್ರ ಆಮೇಲೆ ಮಾತಾಡ್ಬೇಕು."

"ಯೂಡೆಲ್, ಇವನನ್ನ ಹತ್ತರಲ್ಲಿ ಸೇರಿಸ್ಕೋಬೇಡ" ಎಂದೆ. ಅಜ್ಜ ಕಟ್ಟಿಸಿದ ಮರದ ಕಮಾನು ಛಾವಣಿ, ಪಿಸುಮಾತೂ ಕೆಳಗಿಳಿಯುತ್ತದೆ. ನಾನು ಪಿಸುಗುಟ್ಟಲೂ ಇಲ್ಲ. ಅವನು ಎದ್ದು ಹೋದ.

"ಫ್ರೀಡಾ, ದೇವರೇ ಬಂದ್ರೂ ನೀನು ಗುರುತಿನ ಚೀಟಿ ಕೇಳ್ತೀಯ" ಎಂದ ಯೂಡೆಲ್.

ಕೇಳುತ್ತೇನೆ. ತಪ್ಪೇನು?

ಮಾರ್ಚ್ 10, ಮಂಗಳವಾರ, ಬೆಳಿಗ್ಗೆ 11

ಒಂಬತ್ತೇ ಜನ. ಲೀಬ್‌ಗೆ ಕದ್ದಿಶ್ ಆಗಲಿಲ್ಲ. ಇದೇ ಮೊದಲು... ಅಳು ಬಂತು. ನಾಚಿಕೆ ಬಿಟ್ಟು ಆ ಫೂರಿ ಇಳಿದಿದ್ದ ಹೋಟೆಲಿಗೆ ಹೋದೆ. ನಿನ್ನೆಯೇ ಊರು ಬಿಟ್ಟಿದ್ದಾನೆ. ನನ್ನ ಹೆಸರಿಗೊಂದು ಚೀಟಿ.

"ಅಮ್ಮ ತೀರಿಕೊಂಡು ತಿಂಗಳಾಯಿತು. ನಾವು ಯಹೂದಿಗಳೆಂದು ಕೊನೆಯ ವಾರ ಹೇಳಿದಳು. ಅವಳು ಹುಟ್ಟಿದ ಊರಲ್ಲೇ ಕದ್ದಿಶ್ ಹೇಳೋಣವೆಂದು ಬಂದೆ. ನನಗೆ ಒಂಬತ್ತು ಜನ ಬೇಕಿತ್ತು. ಪದ್ಧತಿ ಗೊತ್ತಿರಲಿಲ್ಲ, ಕ್ಷಮಿಸಿ. ಮೊದಲು ಫ್ರೀಡಾಳನ್ನು ಕಾಣು ಎಂದಿದ್ದಳು. ಅಮ್ಮನ ಹೆಸರು ರೈಸಲ್."

ರೈಸಲ್. ಹತ್ತು ವರ್ಷ ಮೇಲಂತಸ್ತಿನಲ್ಲಿ ನನ್ನ ಪಕ್ಕ ಕೂತವಳು. ಯಾರೋ ಕ್ರೈಸ್ತನನ್ನು ಮದುವೆಯಾದಳೆಂದು, ಅವಳು ಬರೆದ ಕಾಗದಗಳನ್ನೆಲ್ಲ ಒಡೆಯದೆಯೇ ವಾಪಸ್ ಕಳಿಸಿದವಳು ನಾನು.