ಇಬ್ಬರು ಕೋಚ್‌ಗಳು, ಒಂದು ಮೊಣಕಾಲು

ಪ್ರೀತಿಯ ಕಲ್ಲುಗುಂಡು,

ಇಡೀ ದೇಶ ಈಗ ನಿನ್ನನ್ನು ‘ಸರ್’ ಎನ್ನುತ್ತದೆ. ಆದರೆ ಕಲ್ಲುಗುಂಡು ಎಂಬುದು ಕ್ಲಬ್ಬಿನ ಚಿಕಿತ್ಸೆಯ ಕೋಣೆಯಲ್ಲಿ ನಿನ್ನ ಕಾಲು ನೀವುತ್ತಾ ನಾನೇ ಇಟ್ಟ ಹೆಸರು. ಬೇರೆ ಹೆಸರು ಹಿಡಿದು ಕರೆದರೆ ಈ ಕಾಗದ ಮುಂದೆ ಸಾಗುವುದಿಲ್ಲ. ಇಂದು ಸಂಜೆ ಆರಕ್ಕೆ ನಮ್ಮೂರಲ್ಲೇ ನಿಮ್ಮ ಕ್ವಾರ್ಟರ್ ಫೈನಲ್. ಸೋತವರು ಗಂಟುಮೂಟೆ ಕಟ್ಟಬೇಕು. ಎದುರು ದೇಶದ ಕೋಚ್ ನಮ್ಮ ಗೊಣಗ. ನೀನು ಆಡುವವರ ಹೆಸರು ಬರೆದುಕೊಡುವ ಮೊದಲೇ ಇದನ್ನು ನಿನ್ನ ಹೋಟೆಲಿಗೆ ಮುಟ್ಟಿಸಬೇಕೆಂದು ಬೆಳಿಗ್ಗೆಯೇ ಅಡುಗೆಮನೆಯ ಮೇಜಿಗೆ ಬಂದು ಕೂತಿದ್ದೇನೆ.

ಮೊನ್ನೆ ಪತ್ರಿಕೆಯ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ನನ್ನ ಮಗಳಿಗಿಂತ ಚಿಕ್ಕವಳು, ಬಲು ಚೂಟಿ. “ಇಬ್ಬರು ಕೋಚ್‌ಗಳನ್ನೂ ಚಿಕ್ಕ ವಯಸ್ಸಲ್ಲಿ ಹತ್ತಿರದಿಂದ ನೋಡಿದೋರು ನೀವಂತೆ. ಸ್ವಲ್ಪ ಹೋಲಿಸಿ ಹೇಳಿ ಮೇಡಂ” ಎಂದಳು. “ನೋಡೋದೇನು ಬಂತು, ಇಬ್ಬರ ಕಾಲೂ ಹಿಡಿದವಳು ನಾನು” ಎಂದೆ. ನಕ್ಕು ಬರೆದುಕೊಂಡಳು.

ಅವಳು ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಈ ಟೂರ್ನಿಯಲ್ಲಿ ನಿನ್ನ ಹುಡುಗರು ಹೊಡೆದ ಗೋಲು ಹನ್ನೊಂದು, ಗೊಣಗನ ಹುಡುಗರು ಬಿಟ್ಟುಕೊಟ್ಟದ್ದು ಎರಡೇ. ಅವನು ಗೆರೆಯ ಪಕ್ಕ ನಿಂತು ಗಂಟಲು ಹರಿದುಕೊಳ್ಳುತ್ತಾನೆ, ನೀನು ಕೈಕಟ್ಟಿ ಕೂತರೆ ರೆಪ್ಪೆಯನ್ನೂ ಮಿಟುಕಿಸುವುದಿಲ್ಲ. ಯಾರಾದರೂ ತೊಡೆ ಸವರಿಕೊಂಡರೆ ಸಾಕು, ಅವನು ತಕ್ಷಣ ಹೊರಗೆ ಕರೆಯುತ್ತಾನೆ. ಅದಕ್ಕೆ ಪತ್ರಿಕೆಗಳು ಅವನನ್ನು ಪುಕ್ಕಲ ಎನ್ನುತ್ತವೆ. ನೀನು ಕುಂಟುವವನನ್ನೂ ಕೊನೆಯ ನಿಮಿಷದವರೆಗೆ ಓಡಿಸುತ್ತೀಯ. ನಿನ್ನದು ಗಟ್ಟಿ ಗುಂಡಿಗೆ ಎನ್ನುತ್ತವೆ.

ನಾನು ಅವಳಿಗೆ ಆ ಚಿಕಿತ್ಸೆಯ ಕೋಣೆಯ ಹಳೆಯ ಸುದ್ದಿ ಹೇಳಿದೆ. ಗೊಣಗ ಗಡಿಯಾಚೆಯಿಂದ ನಮ್ಮ ಕ್ಲಬ್ಬಿಗೆ ಬಂದ ಮೊದಲ ವಾರವೇ “ಅಕ್ಕಾ, ಹಿಮ್ಮಡಿ ಚುಳುಕ್ ಅಂತಿದೆ, ಸೊಂಟ ಹಿಡ್ಕೊಂಡಿದೆ, ನಾನಿನ್ನು ಉಳಿಯಲ್ಲ” ಎಂದು ರಾಗ ತೆಗೆದದ್ದು, ಆಮೇಲೆ ಮೈದಾನಕ್ಕಿಳಿದು ಜಿಂಕೆಯ ಹಾಗೆ ಓಡಿದ್ದು. ನೀನೋ, ಎಲ್ಲಿ ನೋವು ಎಂದರೆ “ಎಲ್ಲೂ ಇಲ್ಲ ಅಕ್ಕ”. ಒತ್ತಿದ ಕಡೆ ನೋವಿದ್ದರೆ ನಿನ್ನ ಕಾಲಿನ ಹೆಬ್ಬೆರಳು ಮಾತ್ರ ಮಡಚಿಕೊಳ್ಳುತ್ತಿತ್ತು. ನಾನು ನಿನ್ನ ಮುಖ ಬಿಟ್ಟು ಅದನ್ನೇ ನೋಡುತ್ತಿದ್ದೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡವರು ನೀವಿಬ್ಬರೂ.

“ಮತ್ತೆ ಇಪ್ಪತ್ತನಾಲ್ಕು ವರ್ಷದಿಂದ ಮಾತಿಲ್ಲವಂತಲ್ಲ, ಯಾಕೆ?” ಎಂದು ಕೇಳಿದಳು.

“ಗೊತ್ತಿಲ್ಲ ಕಣಮ್ಮ” ಎಂದೆ.

ಅದು ಸುಳ್ಳು. ಮರುದಿನ ಪತ್ರಿಕೆಯಲ್ಲಿ ನಿಮ್ಮಿಬ್ಬರ ಚಿತ್ರ ಅಕ್ಕಪಕ್ಕ ಬಂದಿತ್ತು. ಅದರ ಕೆಳಗೆ ಎಡಗಾಲಲ್ಲಿ ಚೆಂಡು ಒದೆಯುವ ನಿನ್ನ ಆಟಗಾರನ ಸುದ್ದಿ: ತೊಡೆಯ ಸ್ನಾಯು ಹರಿದಿದೆ, ಚುಚ್ಚುಮದ್ದು ಕೊಟ್ಟು ಆಡಿಸಬಹುದು. ಅವನಿಗಿನ್ನೂ ಇಪ್ಪತ್ಮೂರು. ಜೊತೆಗೆ ನಿನ್ನ ಮಾತು: “ನಾನೂ ನೋವಲ್ಲೇ ಆಡಿದವನು. ನನ್ನ ಮೊಣಕಾಲು ಕೈಕೊಟ್ಟಿತು. ಅದು ನನ್ನ ಹಣೆಬರಹ.”

ಹಣೆಬರಹವಲ್ಲ ಕಣೋ. ಇಪ್ಪತ್ತನಾಲ್ಕು ವರ್ಷದ ಹಿಂದೆ, ನಮ್ಮ ಕ್ಲಬ್ಬಿನ ಫೈನಲ್ಲಿಗೆ ಎರಡು ದಿನ ಮುಂಚೆ ತೆಗೆಸಿದ ನಿನ್ನ ಸ್ಕ್ಯಾನ್ ನನ್ನ ಮೇಜಿನ ಮೇಲೇ ಇತ್ತು. ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದಿತ್ತು. ಕ್ಲಬ್ಬಿನ ವೈದ್ಯರು ಬಾಗಿಲು ಮುಂದೆ ಮಾಡಿ, “ಬರೀ ಊತ ಅಂತ ಹೇಳಮ್ಮ. ಅವನಿಲ್ಲದೆ ಫೈನಲ್ ಆಡೋಕಾಗಲ್ಲ, ಮೇಲಿನವರು ಹೇಳಿದ್ದಾರೆ” ಎಂದರು. ನಾನು ತಲೆಯಾಡಿಸಿದೆ. ಪಂದ್ಯದ ದಿನ ಪಟ್ಟಿ ಸುತ್ತುವಾಗ ನೀನು ಕೇಳಿದೆ: “ಅಕ್ಕಾ, ಆಡಬಹುದಾ?” ಆವತ್ತಿನವರೆಗೆ ಅಂಥ ಪ್ರಶ್ನೆ ಕೇಳಿದವನೇ ಅಲ್ಲ ನೀನು. ನಿನ್ನ ಹೆಬ್ಬೆರಳು ಮಡಚಿಕೊಂಡೇ ಇತ್ತು. ನಾನು “ಆಡಬಹುದು” ಎಂದೆ.

ಮೂವತ್ತೆಂಟನೇ ನಿಮಿಷಕ್ಕೆ ನೀನು ಬಿದ್ದೆ. ಯಾರೂ ತಾಗಿರಲಿಲ್ಲ, ಹತ್ತಿರದಲ್ಲಿ ಯಾರೂ ಇರಲೇ ಇಲ್ಲ. ಇಪ್ಪತ್ತಾರನೇ ವಯಸ್ಸಿಗೇ ನಿನ್ನ ಆಟ ಮುಗಿಯಿತು.

ನಿನ್ನನ್ನು ಆಸ್ಪತ್ರೆಗೆ ಒಯ್ದ ಮೇಲೆ ಗೊಣಗ ನನ್ನ ಕೋಣೆಗೆ ಬಂದ. ಮೇಜಿನ ಮೇಲಿನ ಸ್ಕ್ಯಾನ್ ಕೈಗೆತ್ತಿಕೊಂಡು ತಾರೀಖು ನೋಡಿದ. “ಅಕ್ಕಾ, ನಿಮಗೆ ಮೊದಲೇ ಗೊತ್ತಿತ್ತಾ?” ಎಂದ. ಅವನ ಎರಡೂ ಕೈ ಹಿಡಿದು ಬೇಡಿಕೊಂಡೆ. “ಯಾರಿಗೂ ಹೇಳಬೇಡಪ್ಪ. ನನ್ನ ಕೆಲಸ ಹೋಗುತ್ತೆ. ಮಗಳಿನ್ನೂ ಶಾಲೇಲಿದ್ದಾಳೆ.” ಅವನು ಮಾತು ಕೊಟ್ಟ, ಉಳಿಸಿಕೊಂಡ. ನೀನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ನಾನು ಹೋದಾಗಲೆಲ್ಲ “ಗೊಣಗ ಬರಲಿಲ್ವಾ?” ಎಂದು ನೀನು ಕೇಳುತ್ತಿದ್ದೆ. ಅವನು ಎರಡು ಸಲ ಆಸ್ಪತ್ರೆಯ ಮೆಟ್ಟಿಲವರೆಗೆ ಬಂದು ಹಿಂದಿರುಗಿದ. “ಅವನ ಮುಖ ನೋಡಿದ್ರೆ ನಿಜ ಬಾಯಿಗೆ ಬಂದ್ಬಿಡುತ್ತೆ ಅಕ್ಕ” ಎಂದು ನನ್ನೆದುರು ಅತ್ತ. ಆಮೇಲೆ ಬೇರೆ ಕ್ಲಬ್ಬಿಗೆ ಹೋದ. ಕಾಲು ಹೋದವನ ಸಹವಾಸ ಇವನಿಗೆ ಬೇಡವಾಯಿತು ಎಂದು ನೀನು ತಿಳಿದೆ. ನಾನು ಹಾಗೆಯೇ ತಿಳಿಯಲು ಬಿಟ್ಟೆ.

ಆ ಹುಡುಗಿಗೆ ನಾನು ಹೇಳಬೇಕಿದ್ದ ಹೋಲಿಕೆ ಇದು. ನಿನಗೆ ನಿಜ ಗೊತ್ತಿರಲಿಲ್ಲ, ಹಾಗಾಗಿ ನೋವು ನುಂಗುವುದೇ ಆಟ ಎಂದು ನಂಬಿದೆ. ಅವನಿಗೆ ಗೊತ್ತಿತ್ತು, ಹಾಗಾಗಿ ಅವನ ಹುಡುಗ ಕಾಲು ಸವರಿಕೊಂಡರೆ ಅವನ ಜೀವ ಬಾಯಿಗೆ ಬರುತ್ತದೆ. ನಿಮ್ಮಿಬ್ಬರನ್ನೂ ಹೀಗೆ ಮಾಡಿದ್ದು ನನ್ನ ಒಂದು ಮಾತು.

ಇಷ್ಟು ಬರೆಯಲು ಇಡೀ ದಿನ ಹಿಡಿಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ಈಗ ಐದು ಗಂಟೆ. ರೇಡಿಯೋದಲ್ಲಿ ಹನ್ನೊಂದು ಹೆಸರು ಓದಿದರು. ನಿನ್ನ ಎಡಗಾಲಿನವನು ಅದರಲ್ಲಿಲ್ಲ. ಬದಲಿ ಆಟಗಾರರಲ್ಲೂ ಇಲ್ಲ. ಮೈದಾನದ ಬಾಗಿಲಲ್ಲಿ ನೀನು ಆಡಿದ ಮಾತನ್ನೂ ಕೇಳಿಸಿದರು: “ಅವನು ಆಡ್ತೀನಿ ಅಂತ ಹಟ ಹಿಡಿದ. ನಾನೇ ಬೇಡ ಅಂದೆ. ಅವನಿಗೆ ಇನ್ನೂ ಹತ್ತು ವರ್ಷದ ಆಟ ಇದೆ.”

ನಾನು ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟೆ. ಆವತ್ತು ನಾನು ಹೇಳಬೇಕಿದ್ದ ಮಾತನ್ನು ನೀನು ಹೇಳಿದೆ, ಯಾರೂ ಹೇಳಿಕೊಡದೆ.

ಅತ್ತು ಮುಗಿದ ಮೇಲೆ ಕೆಟ್ಟ ಯೋಚನೆಯೊಂದು ಬಂತು. ಆ ಹುಡುಗ ಉಳಿದ, ಇನ್ನು ಈ ಕಾಗದ ಯಾಕೆ, ಹರಿದು ಒಲೆಗೆ ಹಾಕಿದರಾಯಿತು. ಅವನಿಗಾಗಿ ಬರೆಯುತ್ತಿದ್ದೇನೆ ಎಂದು ಬೆಳಿಗ್ಗೆಯಿಂದ ನನಗೆ ನಾನೇ ಹೇಳಿಕೊಂಡಿದ್ದೆ. ಆ ನೆಪವೂ ಹೋಯಿತು. ಈಗ ಉಳಿದಿರುವುದು ನನ್ನ ತಪ್ಪು ಮಾತ್ರ. ಅದಕ್ಕೇ ಕಳಿಸುತ್ತಿದ್ದೇನೆ. ಆಟ ಮುಗಿದ ಮೇಲೆ ನಿನ್ನ ಕೈಗೇ ಕೊಡಿ ಎಂದು ಹೋಟೆಲಿನವರಿಗೆ ಕೊಟ್ಟು ಬರುತ್ತೇನೆ.

ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಆದರೆ ಗೊಣಗನ ಮೇಲೆ ಬೇಡ. ಇವತ್ತು ಗೆದ್ದವನು ಸೋತವನ ಕೋಣೆಗೆ ಹೋಗಿ ಬಾಗಿಲು ತಟ್ಟಲಿ. ನಿಮ್ಮಿಬ್ಬರ ಹುಡುಗರೂ ತಮ್ಮ ಕಾಲ ಮೇಲೆ ನಡೆದುಕೊಂಡು ಮನೆ ಸೇರಲಿ.

ಒಳ್ಳೆಯದಾಗಲಿ, ಕಂದ.

ನಿನ್ನ ಕಾಲಿಗೆ ಪಟ್ಟಿ ಸುತ್ತಿ ಸುಳ್ಳು ಹೇಳಿದ
ಅಕ್ಕ